ಮೊಳಕೆ ಕಾಳನ್ನು ಹಸಿಯಾಗಿಯೇ ತಿನ್ನಬೇಕೆಂದಿಲ್ಲ

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮೊಳಕೆ ಕಾಳುಗಳ ಬಗ್ಗೆ ಬಂದ ಲೇಖನವನ್ನು ಓದಿದೆ. ಕಾಳು ನೆನೆಸಿ ಮೊಳಕೆ ಬರಿಸಿ ತಿನ್ನುವ ಪದ್ಧತಿ ಮನೆಮನೆಗಳಲ್ಲಿ ಮತ್ತೆ ರೂಢಿಗೆ ಬರಬೇಕೆಂಬ ಲೇಖಕರ ಆಶಯಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಹಿಡಿ ಹಸಿ ಮೊಳಕೆ ತಿಂದರೆ ಸಕಲ ರೋಗಕ್ಕೂ ಅದೇ ಮದ್ದು ಎಂಬರ್ಥದ ಮಾತನ್ನು, ಕಾಸರಗೋಡಿನಂತಹ ಸೆಕೆ ಮತ್ತು ತೇವದ ಸೀಮೆಯಲ್ಲಿ, ಅದರಲ್ಲೂ ಮಕ್ಕಳು, ಬಸುರಿಯರು ಮತ್ತು ವಯಸ್ಸಾದವರಿರುವ ಮನೆಗಳಿಗೆ ಹಾಗೆಯೇ ದಾಟಿಸುವುದು ಸರಿಯಲ್ಲ. ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ಈ ಕುರಿತು ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ.

ಮೊದಲಿಗೆ, ನೆನೆಸುವುದರಿಂದ ನಿಜವಾಗಿ ಏನಾಗುತ್ತದೆ ಎಂಬುದನ್ನು ನೋಡೋಣ. ಕಾಳು ತನ್ನಲ್ಲಿರುವ ರಂಜಕದ (ಫಾಸ್ಫರಸ್) ಬಹುಪಾಲನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಈ ಆಮ್ಲವು ನಮ್ಮ ಕರುಳಿನಲ್ಲಿ ಕಬ್ಬಿಣ, ಸತು ಮತ್ತು ಸುಣ್ಣದ (ಕ್ಯಾಲ್ಸಿಯಂ) ಅಂಶಗಳನ್ನು ಹಿಡಿದುಕೊಂಡು, ಅವು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಹುರುಳಿಯಲ್ಲಿ ಕಬ್ಬಿಣವಿದೆ, ರಾಗಿಯಲ್ಲಿ ಸುಣ್ಣವಿದೆ ಎಂದು ಪಟ್ಟಿಯಲ್ಲಿ ಬರೆದಿರುವುದೆಲ್ಲವೂ ಮೈಗೆ ಹತ್ತುವುದಿಲ್ಲ ಎಂಬುದಕ್ಕೆ ಇದೇ ಮುಖ್ಯ ಕಾರಣ. ಕಾಳಿಗೆ ನೀರು ಸೋಕಿ ಮೊಳೆಯುವ ಸೂಚನೆ ಸಿಕ್ಕಿದೊಡನೆ ಫೈಟೇಸ್ ಎಂಬ ಕಿಣ್ವವು ಅದರೊಳಗೆ ಕೆಲಸಕ್ಕೆ ತೊಡಗುತ್ತದೆ. ಮುಂದಿನ ಗಿಡಕ್ಕೆ ಬೇಕಾದ ರಂಜಕವನ್ನು ಬಿಡಿಸಿಕೊಡುವುದು ಅದರ ಕೆಲಸ. ಹಾಗೆ ಬಿಡಿಸುವಾಗ ಕಬ್ಬಿಣ ಮತ್ತು ಸತುವಿನ ಕಟ್ಟು ಕೂಡ ಸಡಿಲಗೊಂಡು ನಮಗೂ ಲಾಭವಾಗುತ್ತದೆ. ನೆನೆಸಿದರೆ ಸ್ವಲ್ಪ, ಮೊಳಕೆ ಬರಿಸಿದರೆ ಇನ್ನಷ್ಟು, ದೋಸೆ ಹಿಟ್ಟಿನಂತೆ ರುಬ್ಬಿ ಹುಳಿ ಬರಿಸಿದರೆ ಮತ್ತಷ್ಟು ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ಇದರ ಜೊತೆಗೆ, ಕಾಳು ತಿಂದವರಿಗೆ ವಾಯು ತುಂಬಿಸುವ ರ‍್ಯಾಫಿನೋಸ್ ಮತ್ತು ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ಅಷ್ಟಿಷ್ಟು ನೆನೆಸಿದ ನೀರಿಗೆ ಬಿಟ್ಟುಕೊಳ್ಳುತ್ತವೆ, ಉಳಿದವುಗಳಲ್ಲಿ ಹೆಚ್ಚಿನದನ್ನು ಮೊಳಕೆಯೇ ಬಳಸಿ ಮುಗಿಸುತ್ತದೆ. ಆ ನೀರನ್ನು ಚೆಲ್ಲಿದರೆ ಬಿ ಜೀವಸತ್ವಗಳ ಸಣ್ಣ ಪಾಲೂ ಹೋಗುತ್ತದೆ ಎಂಬುದು ನಿಜವಾದರೂ, ಹೊಟ್ಟೆಯ ನೆಮ್ಮದಿಗಾಗಿ ಅಷ್ಟು ನಷ್ಟವನ್ನು ಸಹಿಸಬಹುದು. ಹುರುಳಿಯ ಸಾರು ಮಾಡುವವರು ನೆನೆಸಿದ ನೀರನ್ನು ಚೆಲ್ಲಿ, ಬೇಯಿಸಿದ ನೀರನ್ನು ಮಾತ್ರ ಉಳಿಸಿಕೊಂಡರೆ ಸಾಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 36.3 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 39.4ರಷ್ಟಕ್ಕೂ ರಕ್ತಹೀನತೆಯಿದೆ. ಆರೋಗ್ಯದಲ್ಲಿ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯದ ಅಂಕಿಗಳಿವು. ಆದುದರಿಂದ ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುವ ಉಪಾಯ ಯಾವುದೇ ಇರಲಿ, ಅದು ಅಡುಗೆಮನೆಯ ಹವ್ಯಾಸದ ಮಟ್ಟದಲ್ಲಿ ನಿಲ್ಲುವ ವಿಷಯವಲ್ಲ. ಆದರೆ ಅದಕ್ಕಾಗಿ ಇಲ್ಲದ ಗುಣಗಳನ್ನು ಮೊಳಕೆಗೆ ಅಂಟಿಸಬೇಕಾಗಿಲ್ಲ. ಮೊಳಕೆ ಬಂದರೆ ಪ್ರೊಟೀನು ಹಲವು ಪಟ್ಟು ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೊಟೀನಿದ್ದರೆ, ಅದೇ ಕಾಳಿನ ಉದ್ದಕ್ಕೆ ಬೆಳೆದ ನೂರು ಗ್ರಾಂ ಮೊಳಕೆಯಲ್ಲಿ ಇರುವುದು ಸುಮಾರು 3 ಗ್ರಾಂ. ಮಿಕ್ಕಿದ್ದು ಹೆಚ್ಚಾಗಿ ನೀರು. ಪ್ರೊಟೀನು ಜೀರ್ಣಕ್ಕೆ ಸುಲಭವಾಗುತ್ತದೆ ಎನ್ನಬಹುದೇ ಹೊರತು ಹೊಸದಾಗಿ ಎಲ್ಲಿಂದಲೋ ಬರುವುದಿಲ್ಲ. ಹಾಗೆಯೇ ಸಸ್ಯಾಹಾರಿಗಳನ್ನು ಕಾಡುವ ಬಿ12 ಕೊರತೆಗೆ ಮೊಳಕೆ ಕಾಳು ಪರಿಹಾರವಲ್ಲ, ಅದರಲ್ಲಿ ಆ ಜೀವಸತ್ವ ಇಲ್ಲವೇ ಇಲ್ಲ.

ಸಿ ಜೀವಸತ್ವದ ವಿಚಾರ ಸ್ವಲ್ಪ ಬೇರೆ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟಿರುವ ಈ ಅಂಶ ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಡಿಸೆಂಬರಿನಿಂದ 1916ರ ಏಪ್ರಿಲಿನವರೆಗೆ ಮೆಸೊಪೊಟೇಮಿಯಾದ (ಇಂದಿನ ಇರಾಕ್) ಕೂಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಭಾರತೀಯ ಸೈನಿಕರು ಸೊಪ್ಪು, ತರಕಾರಿ, ಹಣ್ಣುಗಳಿಲ್ಲದೆ ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ತುತ್ತಾದರು. ಬಳಿಕ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಮೇರಿಯನ್ ಡೆಲ್ಫ್ ಎಂಬ ಇಬ್ಬರು ಮಹಿಳೆಯರು ಒಣ ಕಾಳು ಮತ್ತು ಮೊಳಕೆ ಕಾಳುಗಳನ್ನು ಹೋಲಿಸಿ ನೋಡಿ, ಮೊಳಕೆಗೆ ಸ್ಕರ್ವಿಯನ್ನು ತಡೆಯುವ ಶಕ್ತಿಯಿದೆಯೆಂದು 1919ರಲ್ಲಿ ಪ್ರಕಟಿಸಿದರು. ಮರುಭೂಮಿಯ ಪಾಳೆಯಕ್ಕೆ ಅದು ದೊಡ್ಡ ಉಪಕಾರ. ಹಿತ್ತಿಲಲ್ಲಿ ಪೇರಳೆ ಮರ, ಬಾವಿಕಟ್ಟೆಯ ಪಕ್ಕ ಲಿಂಬೆ ಗಿಡ ಇರುವ ನಮಗೆ ಅದೇ ಲೆಕ್ಕ ಹೊಂದುವುದಿಲ್ಲ. ನೂರು ಗ್ರಾಂ ಹೆಸರಿನ ಮೊಳಕೆಯಲ್ಲಿ ಸುಮಾರು 13 ಮಿಲಿಗ್ರಾಂ ಸಿ ಜೀವಸತ್ವವಿದ್ದರೆ ಅಷ್ಟೇ ತೂಕದ ಪೇರಳೆಯಲ್ಲಿ 200 ಮಿಲಿಗ್ರಾಂಗೂ ಮಿಕ್ಕಿ ಇದೆ. ಬೇಯಿಸಿದರೆ ಮೊಳಕೆಯ ಸಿ ಜೀವಸತ್ವ ಹಾಳಾಗುತ್ತದೆ, ಆದ್ದರಿಂದ ಹಸಿಯಾಗಿಯೇ ತಿನ್ನಬೇಕು ಎಂದು ವಾದಿಸುವವರಿಗೆ ನನ್ನ ಉತ್ತರ ಇದೇ: ಬೇಯಿಸಿ ಒಲೆಯಿಂದ ಇಳಿಸಿದ ಮೇಲೆ ಅರ್ಧ ಲಿಂಬೆ ಹಿಂಡಿರಿ. ಕಳೆದುಹೋದದ್ದು ತುಂಬಿಬರುವುದಲ್ಲದೆ, ಕಾಳಿನ ಕಬ್ಬಿಣ ಮೈಗೆ ಸೇರಲು ಆ ಹುಳಿ ಕೈಜೋಡಿಸುತ್ತದೆ. ಊಟದ ಹಿಂದೆಯೇ ಚಹಾ ಕುಡಿಯುವ ನಮ್ಮವರ ಅಭ್ಯಾಸ ಮಾತ್ರ ಈ ಲಾಭಕ್ಕೆ ಕಲ್ಲು ಹಾಕುತ್ತದೆ. ಒಂದು ಗಂಟೆ ತಡೆದು ಕುಡಿದರೆ ಒಳಿತು.

ಮೊಳಕೆ ಕಾಳಿನ ಅಡುಗೆ ನಮ್ಮ ಸೀಮೆಗೆ ಹೊಸದೇನಲ್ಲ. ಹೆಸರಿನ ಮೊಳಕೆಗೆ ತೆಂಗಿನಕಾಯಿ ಅರೆದು ಹಾಕಿದ ಗಸಿ, ಮೊಳಕೆ ಹುರುಳಿಯ ಪಲ್ಯ, ಕೊಂಕಣಿ ಮನೆಗಳಲ್ಲಿ ಸಿಪ್ಪೆ ತೆಗೆದ ಹೆಸರಿನ ಮೊಳಕೆಯ ಅಡುಗೆ, ಇವೆಲ್ಲವೂ ಉಪ್ಪು ಹುಳಿ ಖಾರದೊಂದಿಗೆ ಬೆಂದೇ ಬಾಳೆಲೆಗೆ ಬರುತ್ತಿದ್ದವು. ನೆನೆಸಿದ ಹೆಸರುಬೇಳೆಯ ಕೋಸಂಬರಿಯಂಥದು ಹಸಿಯಾಗಿ ಬಡಿಸಿದರೂ ಅದನ್ನು ಅಂದೇ ನೆನೆಸಿ ಅಂದೇ ತಿಂದು ಮುಗಿಸುವುದು ವಾಡಿಕೆ. ಈಗ ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಮಾರುವ ಮೊಳಕೆ ಎಂದು ತಯಾರಾಯಿತು, ಎಷ್ಟು ಹೊತ್ತು ಹೊರಗಿತ್ತು ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ.

ಇದನ್ನು ಅತಿಯಾದ ಹೆದರಿಕೆ ಎಂದು ಯಾರೂ ಭಾವಿಸಬಾರದು. ಕಾಳು ಮೊಳೆಯಲು ಬೇಕಾದ ಬಿಸುಪು ಮತ್ತು ತೇವವೇ ರೋಗಾಣುಗಳು ಬೆಳೆಯುವುದಕ್ಕೂ ಬೇಕು. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಅಡಗಿದ ರೋಗಾಣುವನ್ನು ಎಷ್ಟು ಸಲ ತೊಳೆದರೂ ಪೂರ್ತಿ ತೆಗೆಯಲಾಗುವುದಿಲ್ಲ, ಎರಡು ದಿನಗಳಲ್ಲಿ ಅದು ಲೆಕ್ಕವಿಲ್ಲದಷ್ಟಾಗುತ್ತದೆ, ಆಗಲೂ ಮೊಳಕೆ ನೋಡಲು ಚೆನ್ನಾಗಿಯೇ ಇರಬಹುದು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ರೋಗಾಣುವಿನಿಂದ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, ಅನೇಕರ ಮೂತ್ರಪಿಂಡ ಕೆಟ್ಟು, 50ಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ಸೌತೆಕಾಯಿಯ ಮೇಲೆ ಸಂಶಯಪಟ್ಟ ಅಧಿಕಾರಿಗಳು ಕೊನೆಗೆ ತಲುಪಿದ್ದು ಮೆಂತೆಯ ಮೊಳಕೆಗೆ, ಆ ಮೆಂತೆ ಈಜಿಪ್ಟಿನಿಂದ ಬಂದದ್ದು. ಶುಚಿತ್ವಕ್ಕೆ ಹೆಸರಾದ, ನಮಗಿಂತ ಎಷ್ಟೋ ತಂಪಾದ ದೇಶದ ಪಾಡು ಇದಾದರೆ, ಜುಲೈ ತಿಂಗಳಲ್ಲಿ ಹೊದಿಕೆಯೂ ಒಣಗದ ಕುಂಬಳೆ, ಮಂಜೇಶ್ವರ, ಬದಿಯಡ್ಕಗಳಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು.

ಮಳೆಗಾಲದಲ್ಲಿ ಮೊಳಕೆ ಬರಿಸುವವರು ಸ್ವಲ್ಪ ಕ್ರಮ ಬದಲಿಸಬೇಕಾಗುತ್ತದೆ. ಹೆಸರನ್ನು ಎಂಟು ಗಂಟೆ, ಕಡಲೆ ಮತ್ತು ಹುರುಳಿಯನ್ನು ಹತ್ತು ಹನ್ನೆರಡು ಗಂಟೆ ಕುಡಿಯುವ ನೀರಿನಲ್ಲಿ ನೆನೆಸಿ, ನೀರನ್ನು ಚೆನ್ನಾಗಿ ಬಸಿಯಬೇಕು. ಬಸಿಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬಟ್ಟೆಯ ಗಂಟನ್ನು ಪಾತ್ರೆಯ ತಳದಲ್ಲಿ ಇಟ್ಟರೆ ಇಳಿದ ನೀರಲ್ಲೇ ಕೆಳಗಿನ ಕಾಳು ಕೂತು ಹುಳಿಯುತ್ತದೆ. ತೂತುಗಳಿರುವ ಪಾತ್ರೆಯಲ್ಲಿ, ಕುದಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯೊಳಗೆ ಎರಡಂಗುಲ ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ, ಕೆಳಗಿನಿಂದ ಗಾಳಿಯಾಡುವಂತೆ ಇಡಬೇಕು. ಬೆಳಿಗ್ಗೆ ಸಂಜೆ ಒಮ್ಮೆ ತೊಳೆದು ಮತ್ತೆ ಬಸಿಯಬೇಕು. ಕಾಳಿನಿಂದ ಬಿಳಿಯ ತುದಿ ಇಣುಕಿ ಅರ್ಧ ಅಂಗುಲವಾಗುವುದರೊಳಗೆ ಅಡುಗೆಗೆ ಬಳಸಿಬಿಡಬೇಕು. ಪತ್ರಿಕೆಯ ಚಿತ್ರಗಳಲ್ಲಿ ಕಾಣುವಂತೆ ಉದ್ದುದ್ದ ಬಾಲ ಬರುವವರೆಗೆ ಕಾಯುವುದರಿಂದ ಪೋಷಕಾಂಶದ ದೃಷ್ಟಿಯಿಂದ ವಿಶೇಷ ಲಾಭವಿಲ್ಲ. ಬೆರಳಿಗೆ ಲೋಳೆ ತಾಗಿದರೆ, ಮುಗ್ಗಲು ವಾಸನೆ ಬಂದರೆ ದನಕ್ಕೂ ಹಾಕದೆ ಗೊಬ್ಬರದ ಗುಂಡಿಗೆ ಹಾಕಿರಿ. ಬಿತ್ತನೆಗೆಂದು ಮಾರುವ ಬೀಜವನ್ನು ಯಾವ ಕಾರಣಕ್ಕೂ ತಿನ್ನಲು ಬಳಸಬಾರದು. ಅದಕ್ಕೆ ಶಿಲೀಂಧ್ರನಾಶಕ ಸವರಿರುವುದುಂಟು.

ಎಲ್ಲ ಕಾಳುಗಳಿಗೂ ಒಂದೇ ನಿಯಮ ಹಾಕುವಂತಿಲ್ಲ ಎಂಬುದನ್ನು ಲೇಖನ ಹೇಳಿರಲಿಲ್ಲ. ರಾಜ್ಮಾ ಕಾಳಿನಲ್ಲಿ ಹಸಿಯಾಗಿ ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿಭೇದಿ ತರಿಸುವ ಲೆಕ್ಟಿನ್ ಎಂಬ ವಿಷದ ಅಂಶವಿದೆ. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮರಳಿ ಮರಳಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ, ಅರೆಬೆಂದ ರಾಜ್ಮಾ ಹಸಿಯದಕ್ಕಿಂತಲೂ ಕೆಟ್ಟದ್ದು. ಗಡಿಯ ಇನ್ನೊಂದು ತುದಿಯಲ್ಲಿ, ಮಹಾರಾಷ್ಟ್ರದ ಜತ್ತ ಮತ್ತು ಅಕ್ಕಲಕೋಟೆಯ ಕಡೆ ಜೋಳವೇ ಊಟವಾಗಿರುವ ನಮ್ಮ ಕನ್ನಡ ಬಂಧುಗಳು ಈ ಲೇಖನ ಓದಿ ಜೋಳಕ್ಕೂ ಹಸಿ ಮೊಳಕೆ ಬರಿಸಿ ತಿನ್ನಲು ಹೊರಟಾರು ಎಂಬ ಆತಂಕವೂ ನನಗಿದೆ. ಎಳೆಯ ಜೋಳದ ಮೇವು ತಿಂದು ದನ ಸಾಯುವುದನ್ನು ಅಲ್ಲಿನ ರೈತರು ಬಲ್ಲರು. ಅದೇ ಸಯನೈಡ್ ಹುಟ್ಟಿಸುವ ಅಂಶ ಜೋಳದ ಮೊಳಕೆಯ ಕುಡಿಯಲ್ಲೂ ಇರುತ್ತದೆ.

ಬಾದಾಮಿಯನ್ನು ರಾತ್ರಿ ನೆನೆಸಿದರೆ ಅಗಿಯಲು ಮೆತ್ತಗಾಗುತ್ತದೆ, ಸಿಪ್ಪೆ ಸುಲಭವಾಗಿ ಬಿಡುತ್ತದೆ, ಅದಕ್ಕಿಂತ ಹೆಚ್ಚಿನ ಚಮತ್ಕಾರವನ್ನು ನಿರೀಕ್ಷಿಸಬೇಕಾಗಿಲ್ಲ. ಅಂಗಡಿಯ ಗೇರುಬೀಜವಂತೂ ಹಬೆಯಲ್ಲಿ ಬೆಂದೋ ಹುರಿದೋ ಬಂದಿರುವುದರಿಂದ ಎಷ್ಟು ನೆನೆಸಿದರೂ ಮೊಳೆಯುವುದಿಲ್ಲ. ಮೊಳೆತ ಗೇರುಬೀಜವನ್ನು ತಿನ್ನಬೇಕಾದರೆ ಮುಂಗಾರಿನ ಮೊದಲ ಮಳೆಗಳ ಬಳಿಕ ಗುಡ್ಡೆಯ ಗೇರು ಮರದಡಿಗೆ ಹೋಗಬೇಕು. ಹೆಕ್ಕಲು ತಪ್ಪಿದ ಬೀಜಗಳು ತರಗೆಲೆಯ ಕೆಳಗೆ ನೆನೆದು, ಸಿಪ್ಪೆ ಒಡೆದು, ಹಸುರು ತಿರುಗಿದ ಎರಡು ದಪ್ಪ ಬೇಳೆಗಳನ್ನು ಅರಳಿಸಿಕೊಂಡು ನಿಂತಿರುತ್ತವೆ. ಸಿಪ್ಪೆಯ ಎಣ್ಣೆ ತುಟಿ ಸುಡುತ್ತದೆ ಎಂಬ ಕಾರಣಕ್ಕೆ, ಸಿಪ್ಪೆ ತಾನಾಗಿ ಕಳಚಿದ್ದನ್ನು ಮಾತ್ರ ಕಿತ್ತು ತೊಳೆದು ಪಲ್ಯಕ್ಕೆ ಹಾಕುವುದು ಇಲ್ಲಿನ ಪದ್ಧತಿ. ಪೇಟೆಯ ದುಬಾರಿ ಪೊಟ್ಟಣಗಳಿಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಖಾಸಗಿ ಅಭಿಪ್ರಾಯ.

ಇಷ್ಟೆಲ್ಲದರ ನಡುವೆ ಲೇಖನದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ರಾಗಿಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿದೆ. ಮೊಳಕೆಯಿಂದ ನಿಜವಾದ ದೊಡ್ಡ ಲಾಭ ಆಗುವುದು ಎಳೆಯ ಮಕ್ಕಳಿಗೆ. ಆರು ತಿಂಗಳು ತುಂಬಿದ ಮಗುವಿಗೆ ನಮ್ಮಲ್ಲಿ ರಾಗಿ ಮಣ್ಣಿ ಕೊಡುತ್ತಾರೆ. ರಾಗಿಯನ್ನು ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ಬಂದ ಹಾಲನ್ನು ಬೆಲ್ಲದೊಂದಿಗೆ ಕಾಯಿಸುವ ಈ ಪದ್ಧತಿ ಜೀರ್ಣಕ್ಕೆ ಒಳ್ಳೆಯದೇ. ಆದರೆ ನೂರು ಗ್ರಾಂ ರಾಗಿಯಲ್ಲಿರುವ ಸುಮಾರು 350 ಮಿಲಿಗ್ರಾಂ ಸುಣ್ಣದಲ್ಲಿ ಒಳ್ಳೆಯ ಪಾಲು ಸಿಪ್ಪೆಯಲ್ಲಿದ್ದು, ಬಟ್ಟೆಯಲ್ಲಿ ಉಳಿದ ಚರಟದೊಂದಿಗೆ ಹೊರಗೆ ಹೋಗುತ್ತದೆ. ಇನ್ನೊಂದು ತೊಡಕು ದಪ್ಪದ್ದು. ರಾಗಿಯ ಪಿಷ್ಟ ಬೆಂದೊಡನೆ ನೀರು ಕುಡಿದು ಗಟ್ಟಿಯಾಗುತ್ತದೆ, ಮಗು ನುಂಗಲಿ ಎಂದು ತಾಯಿ ಮತ್ತೆ ನೀರು ಸೇರಿಸುತ್ತಾಳೆ, ಅಂಗೈಯಗಲದ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಬಟ್ಟಲು ಖಾಲಿಯಾಯಿತೆಂಬ ಸಮಾಧಾನ ತಾಯಿಗೆ ಇದ್ದರೂ ಮಗುವಿಗೆ ದಕ್ಕಿದ ಹಿಟ್ಟು ಎರಡು ಚಮಚದಷ್ಟಿರುತ್ತದೆ.

ರಾಗಿ ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಸಣ್ಣ ಸಕ್ಕರೆಗಳಾಗಿ ಕಡಿಯುತ್ತದೆ. ಮೊಳಕೆ ರಾಗಿಯ ಹಿಟ್ಟು ಬೆಂದರೂ ಗಟ್ಟಿಯಾಗದಿರುವುದರಿಂದ, ಅದೇ ತೆಳುವಿನ ಮಣ್ಣಿಯಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲೂ ಬರೋಡದ ಮಹಾರಾಜ ಸಯ್ಯಾಜಿರಾವ್ ವಿಶ್ವವಿದ್ಯಾಲಯದಲ್ಲೂ ದಶಕಗಳ ಹಿಂದೆಯೇ ಈ ಬಗ್ಗೆ ಕೆಲಸ ನಡೆದಿದೆ. ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ಕಲ್ಲು ಕಸ ಆರಿಸಿ ತೊಳೆದ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಸಿದು, ಒಂದೂವರೆ ಎರಡು ದಿನ ಮೊಳಕೆ ಬರಿಸಿ, ಒಳ್ಳೆಯ ಬಿಸಿಲಿನಲ್ಲಿ ಗಲಗಲ ಎನ್ನುವಷ್ಟು ಒಣಗಿಸಬೇಕು; ಕೈಯಲ್ಲಿ ಉಜ್ಜಿ ಕೇರಿದರೆ ಒಣಗಿದ ಬೇರು ಹಾರಿಹೋಗುತ್ತದೆ. ಬಳಿಕ ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟರಲ್ಲಿ ಇಳಿಸಿ ಹಿಟ್ಟು ಮಾಡಬೇಕು. ಕಪ್ಪಾಗುವಂತೆ ಹುರಿದರೆ ಕಿಣ್ವವೂ ಸತ್ತು ಮಾಡಿದ ಕೆಲಸ ನೀರುಪಾಲಾಗುತ್ತದೆ. ಇದನ್ನು ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮಾಡಲು ಹೋಗದೆ, ಅಂಗಳದಲ್ಲಿ ಅಡಿಕೆ ಒಣಗುವ ನವೆಂಬರಿನಿಂದ ಮಾರ್ಚಿನ ನಡುವೆ, ಆ ಬಿಸಿಲಿನಲ್ಲಿ ಒಂದು ಮೂಲೆಯನ್ನು ರಾಗಿಗೆ ಬಿಟ್ಟುಕೊಟ್ಟರೆ ಸಾಕು. ಅರೆ ಒಣಗಿದ ರಾಗಿಗೆ ಬೂಷ್ಟು ಹಿಡಿದರೆ ಅದು ವಿಷವೇ ಸರಿ, ಮಗುವಿನ ಬಟ್ಟಲಿಗೆ ತಕ್ಕದ್ದಲ್ಲ.

ಅಂಗನವಾಡಿಗಳ ಮೂಲಕ ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ, ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಘಟಕಗಳು ತಯಾರಿಸುವ ಅಮೃತಂ ನ್ಯೂಟ್ರಿಮಿಕ್ಸ್ ಪುಡಿ ಸಿಗುತ್ತದೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ ಮತ್ತು ಸಕ್ಕರೆ ಸೇರಿದ ಒಳ್ಳೆಯ ಪುಡಿ ಅದು. ಗಟ್ಟಿಯಾಗಿ ಕಾಯಿಸಿದ ಆ ಗಂಜಿ ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ರಾಗಿ ಹಿಟ್ಟನ್ನು ಕದಡಿದರೆ, ಚಮಚ ನೆಟ್ಟರೆ ನಿಲ್ಲುವಂತಿದ್ದದ್ದು ಕೆಲವೇ ನಿಮಿಷಗಳಲ್ಲಿ ಸುರಿಯುವಷ್ಟು ತೆಳ್ಳಗಾಗುತ್ತದೆ. ನಂತರ ಇನ್ನೊಮ್ಮೆ ಒಂದು ಕುದಿ ಬರಿಸಿ ಆರಿಸಿ ಕೊಟ್ಟರೆ ಆಯಿತು. ನೀರು ಸೇರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಶಾಲೆಯ ಮಧ್ಯಾಹ್ನದೂಟದಲ್ಲಿ ಹೆಸರು, ಕಡಲೆ, ಅಲಸಂಡೆಗಳನ್ನು ಬಡಿಸುತ್ತಾರೆ. ಅವನ್ನು ನೆನೆಸಿಯೇ ಬೇಯಿಸಬೇಕೆಂದು ಹೇಳುವುದು ಸುಲಭ, ಆದರೆ ಅಡುಗೆಯವರು ಬೆಳಿಗ್ಗೆ ಬಂದು ಮಧ್ಯಾಹ್ನ ಮನೆಗೆ ಹೋಗುವವರು. ಹಿಂದಿನ ಮಧ್ಯಾಹ್ನವೇ ನೆನೆಹಾಕಿ ಹೋದರೆ ಮರುದಿನದ ಹೊತ್ತಿಗೆ ನಮ್ಮ ಸೆಕೆಗೆ ಕಾಳು ಹುಳಿಯುತ್ತದೆ. ಇದಕ್ಕೆ ಒಂದು ನಡುದಾರಿಯಿದೆ: ಬೆಳಿಗ್ಗೆ ಬಂದೊಡನೆ ಕಾಳನ್ನು ನೀರಲ್ಲಿ ಎರಡು ಮೂರು ನಿಮಿಷ ಕುದಿಸಿ, ಒಲೆ ಆರಿಸಿ ಒಂದು ಗಂಟೆ ಮುಚ್ಚಿಟ್ಟು, ಆ ನೀರನ್ನು ಚೆಲ್ಲಿ ಹೊಸ ನೀರಲ್ಲಿ ಬೇಯಿಸುವುದು. ಮೊಳಕೆಯಷ್ಟು ಲಾಭ ಇದರಿಂದ ಆಗದಿದ್ದರೂ ಮಕ್ಕಳ ಹೊಟ್ಟೆಯುಬ್ಬರ ಕಡಿಮೆಯಾಗುತ್ತದೆ, ಅಡುಗೆ ಅನಿಲವೂ ಉಳಿತಾಯವಾಗುತ್ತದೆ. ರಕ್ಷಕ ಶಿಕ್ಷಕ ಸಂಘಗಳು ಈ ಬಗ್ಗೆ ಅಡುಗೆಯವರೊಂದಿಗೆ ಕುಳಿತು ಮಾತಾಡಲಿ.

ಕೊನೆಯದಾಗಿ ತಮ್ಮಲ್ಲೊಂದು ವಿನಂತಿ. ನಮ್ಮ ಭಾಗದ ಒಂದು ಅಂಗನವಾಡಿಗೆ ಇತ್ತೀಚೆಗೆ ಹೋಗಿದ್ದಾಗ, ಮಗುವಿನ ಆಹಾರದ ವಿವರಗಳಿರುವ ಪಟ್ಟಿ ಗೋಡೆಯ ಮೇಲೆ ಮಲಯಾಳದಲ್ಲಿ ಮಾತ್ರ ಇತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ತಾಯಂದಿರಿಗೆ ಅಲ್ಲಿನ ಶಿಕ್ಷಕಿ ಅದನ್ನು ತುಳುವಿನಲ್ಲಿ ಬಾಯಿಮಾತಿನಲ್ಲಿ ವಿವರಿಸುತ್ತಿದ್ದರು, ಅವರ ಶ್ರದ್ಧೆ ಮೆಚ್ಚಬೇಕಾದದ್ದೇ. ಆದರೆ ಎಷ್ಟು ಗಂಟೆ ನೆನೆಸಬೇಕು, ಯಾವುದನ್ನು ಹಸಿಯಾಗಿ ಕೊಡಬಾರದು ಎಂಬಂಥ ಸಂಗತಿಗಳು ಬಾಯಿಮಾತಿನಲ್ಲಿ ಮನೆ ತಲುಪುವಷ್ಟರಲ್ಲಿ ಬದಲಾಗಿಬಿಡುತ್ತವೆ. ಜಿಲ್ಲೆಯ ಕನ್ನಡ ಪ್ರದೇಶಗಳಿಗೆ ಕನ್ನಡದಲ್ಲೂ ಆ ಪಟ್ಟಿಯನ್ನು ಮುದ್ರಿಸುವಂತೆ ಸಂಬಂಧಪಟ್ಟ ಇಲಾಖೆ ಕ್ರಮ ಕೈಗೊಳ್ಳಬೇಕು. ಅಲ್ಲಿಯವರೆಗೆ ತಮ್ಮ ಪತ್ರಿಕೆಯು ಆರೋಗ್ಯ ಪುಟದ ಅರ್ಧ ಭಾಗವನ್ನು ಇದಕ್ಕೆ ಮೀಸಲಿಟ್ಟು, ಕಾಳುಗಳ ಹೆಸರುಗಳನ್ನು ಕನ್ನಡದ ಜೊತೆಗೆ ತುಳು ಮತ್ತು ಮಲಯಾಳದಲ್ಲೂ ಕೊಟ್ಟು, ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಬಹುದಾದ ಒಂದು ಪಟ್ಟಿಯನ್ನು ಪ್ರಕಟಿಸಿದರೆ ಉಪಕಾರವಾದೀತು. ಅದನ್ನು ಒಬ್ಬರು ವೈದ್ಯರಿಗೋ ಆಹಾರತಜ್ಞರಿಗೋ ತೋರಿಸಿ ತಿದ್ದಿಸಿದ ಮೇಲೆಯೇ ಅಚ್ಚಿಗೆ ಕಳುಹಿಸಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಅಧ್ಯಾಪಿಕೆ
ಬದಿಯಡ್ಕ, ಕಾಸರಗೋಡು ಜಿಲ್ಲೆ